ಸುಣ್ಣ ಹಚ್ಚಿದವರು ಯಾರು?

ನನ್ನ ತಮ್ಮ ಚನ್ನಮಲ್ಲಪ್ಪ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಾನು ಅವನ ತೋಟದಲ್ಲಿಯೇ ಇದ್ದೆ. ಕೊಡ್ಲಿಪೇಟೆಯ ಕಡೆ ನಮ್ಮ ಊರು. ಮಳೆ ನಿಂತು ಕಾಫಿ ಗಿಡಗಳ ಬುಡದಲ್ಲಿ ಕಳೆ ಮೊಣಕಾಲೆತ್ತರ ಬೆಳೆದಿತ್ತು. ತಮ್ಮ ಜ್ವರವೆಂದು ಮಲಗಿದ ಮೇಲೆ ಆಳುಗಳ ಜೊತೆ ನಿಂತು ನಾನೇ ಕಾಡು ಕೊಚ್ಚಿಸುತ್ತಿದ್ದೆ. ಅವನ ಮಗ ನವೀನ್‌ಕುಮಾರ್ ಹಾಸನದ ಆಸ್ಪತ್ರೆಯಿಂದ ಫೋನು ಮಾಡಿದ.

"ದೊಡ್ಡಪ್ಪಾ, ಅಪ್ಪ ಹೋಗ್ಬಿಟ್ರು."

ಅಷ್ಟೇ ಹೇಳಿದ. ನನ್ನ ಮುಖ ನೋಡಿಯೇ ಎಲ್ಲರಿಗೂ ತಿಳಿಯಿತು. ನಮ್ಮಲ್ಲಿ ಮೊದಲಿನಿಂದಲೂ ಕೆಲಸಕ್ಕೆ ಬರುವ ಸಣ್ಣಿ ಕತ್ತಿಯನ್ನು ನೆಲಕ್ಕೆ ಇಟ್ಟು ಕುಳಿತುಬಿಟ್ಟಳು.

"ಮೊನ್ನೆ ತಾನೆ ಬೈದಿದ್ರಲ್ಲ ಚಿಕ್ಕ ಯಜಮಾನ್ರು, ಕಳೆ ಬಿಟ್ಟು ಗಿಡ ಕೊಚ್ತೀಯಲ್ಲೇ ಅಂತ! ಇನ್ನು ನಮ್ಮನ್ನ ಬೈಯೋಕೆ ಯಾರವ್ರೆ?" ಎಂದು ಅತ್ತಳು.

ತಮ್ಮ ಗಟ್ಟಿಮುಟ್ಟಾದ ಆಳು. ಜ್ವರ ಬಂದಾಗ ಅಂಗಡಿಯ ಮಾತ್ರೆ ನುಂಗಿ ಮತ್ತೆ ತೋಟಕ್ಕೆ ಹೋಗುತ್ತಿದ್ದ. ತಲೆ ಸಿಡಿಯುತ್ತದೆ ಎಂದು ಟವೆಲು ಬಿಗಿದು ಕಟ್ಟಿಕೊಂಡು ಓಡಾಡಿದ. ಉಸಿರಾಡುವುದಕ್ಕೆ ಕಷ್ಟವಾದ ಮೇಲೆ ಆಸ್ಪತ್ರೆಗೆ ಒಯ್ದರು. ಅಲ್ಲಿಯ ವೈದ್ಯರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಆದರೆ ಅಷ್ಟು ಹೊತ್ತಿಗೆ ಜ್ವರ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಇಳಿದಿತ್ತು. ಅದು ಯಾವ ಜ್ವರವೆಂದು ತಿಳಿಯುವ ಮೊದಲೇ ಅವನು ಹೊರಟುಹೋದ. ನಮ್ಮ ತಂದೆತಾಯಿಯ ಗದ್ದುಗೆಯ ಪಕ್ಕದಲ್ಲಿ, ಅಂಗೈಯಲ್ಲಿ ಲಿಂಗವಿರಿಸಿ, ವಿಭೂತಿಯ ನಡುವೆ ಕೂರಿಸಿ ಅವನಿಗೆ ಮಣ್ಣು ಕೊಟ್ಟೆವು. ಶಿವನ ಇಚ್ಛೆ ಎಂದುಕೊಂಡೆವು.

ಅವನ ಶಾಂತಿಗೆಂದು ಮಾಡಿದ ಶಿವಗಣಾರಾಧನೆಗೆ ನೆಂಟರು ತುಂಬ ಬಂದರು. ಮನೆಯ ಹಾಸಿಗೆ, ಹೊದಿಕೆ ಸಾಲದೆ ಅಕ್ಕಪಕ್ಕದಿಂದಲೂ ತಂದೆವು. ಅವರೆಲ್ಲ ಹೋದ ಮೇಲೆ ಹೊದಿಕೆಗಳನ್ನು ಒಗೆದು ತೋಟದ ಬೇಲಿಯ ಮೇಲೆ, ಹುಲ್ಲಿನ ಮೇಲೆ, ಜಾಗ ಸಿಕ್ಕಲ್ಲೆಲ್ಲ ಹರವಿದರು. ನಮ್ಮ ಕಡೆ ಬಟ್ಟೆ ಒಣಗಿಸುವುದೇ ಹಾಗೆ. ನವೀನನ ಮಗಳು ಲಿಖಿತಾ, ನಾಲ್ಕು ವರ್ಷದ ಕೂಸು, ಆ ಹೊದಿಕೆಗಳ ಕೆಳಗೆ ನುಸುಳಿ ಮನೆಕಟ್ಟುವ ಆಟ ಆಡುತ್ತಿದ್ದಳು. ಸಾವಿನ ಮನೆಯಲ್ಲಿ ಮಗುವೊಂದು ನಗುವುದು ಕೇಳಿ ನಮಗೆಲ್ಲ ಸಮಾಧಾನವೇ ಆಗಿತ್ತು. ಯಾರೂ ಅವಳನ್ನು ಬಾ ಎಂದು ಕರೆಯಲಿಲ್ಲ.

ಸ್ವಲ್ಪ ದಿನ ಕಳೆದು ಮಗುವಿಗೆ ಜ್ವರ ಬಂತು.

ಮೊದಲಿಗೆ ಯಾರೂ ಹೆದರಲಿಲ್ಲ. ಚಳಿ ಶುರುವಾಗುವ ಕಾಲ, ಮಕ್ಕಳಿಗೆ ಜ್ವರ ಬರುತ್ತದೆ, ಹೋಗುತ್ತದೆ. ಮಗುವಿನ ತಾಯಿ ದಿವ್ಯಶ್ರೀ ಮನೆಯಲ್ಲಿದ್ದ ಜ್ವರದ ಸಿರಪ್ ಕುಡಿಸಿದಳು. ಕುಡಿದಾಗ ಜ್ವರ ಇಳಿಯುತ್ತಿತ್ತು. ಸಂಜೆಯಾಗುವ ಹೊತ್ತಿಗೆ ಮತ್ತೆ ಏರುತ್ತಿತ್ತು. ಮಗು ಊಟ ಬಿಟ್ಟಿತು. ಕಣ್ಣು ಕೆಂಪಗಾಯಿತು. ಆಟದ ಮಗು ಅಜ್ಜಿಯ ಮಡಿಲು ಬಿಟ್ಟು ಏಳಲಿಲ್ಲ.

ಅಜ್ಜಿ ಎಂದರೆ ನನ್ನ ತಮ್ಮನ ಹೆಂಡತಿ ವಿಮಲಮ್ಮ. ಗಂಡ ಹೋದ ಮೇಲೆ ಆಕೆ ಹೆಚ್ಚು ಮಾತನಾಡುತ್ತಿರಲಿಲ್ಲ. ಮಗುವನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ.

"ಆಸ್ಪತ್ರೆಗೆ ತೋರಿಸ್ಕಂಡು ಬರ್ತೀನಿ ಅವ್ವ," ಎಂದು ನವೀನ ಕೇಳಿದ.

"ಬೇಡ."

"ಜ್ವರ ಬಿಡ್ತಾ ಇಲ್ವಲ್ಲ."

"ಅಜ್ಜನ ಹಂಬಲ ಅದಕ್ಕೆ. ಹಗಲೂ ರಾತ್ರಿ ಹೆಗಲ ಮೇಲೆ ಕೂರಿಸ್ಕಂಡು ತಿರುಗ್ತಿದ್ರು. ಈಗ ಎಲ್ಲಿ ಹುಡುಕ್ತದೆ ಪಾಪ? ವಿಭೂತಿ ಹಚ್ಚಿದೀನಿ. ಎರಡು ದಿನ ಹೋದ್ರೆ ಸರಿ ಹೋಗ್ತದೆ."

"ಅತ್ತೆ, ಮೈ ಸುಡ್ತಾ ಅದೆ," ಎಂದಳು ದಿವ್ಯಶ್ರೀ.

ವಿಮಲಮ್ಮ ತಲೆಯೆತ್ತಿ ಸೊಸೆಯನ್ನು ನೋಡಿದಳು. "ನಾನು ಒಬ್ಬರನ್ನ ಆಸ್ಪತ್ರೆಗೆ ಅಂತ ಜೀಪು ಹತ್ತಿಸಿ ಕಳಿಸ್ದೆ ಕಣಮ್ಮ. ಬಿಳಿ ಬಟ್ಟೆ ಸುತ್ತಿ ತಂದುಕೊಟ್ರು. ಈ ಮಗೂನ ನಾನು ಕಳ್ಸಲ್ಲ."

ನವೀನ ಹೊರಗೆ ಹೋಗಿ ಜಗಲಿಯಲ್ಲಿ ಕುಳಿತ. ನಾನೂ ಅವನ ಹಿಂದೆಯೇ ಹೋದೆ. ಗಾಯ ಹಸಿಯಾಗಿರುವವರ ಮುಂದೆ ತರ್ಕ ಹೂಡುವುದು ಸುಲಭವಲ್ಲ.

ಮಾರನೆಯ ಬೆಳಿಗ್ಗೆ ಆಶಾ ಕಾರ್ಯಕರ್ತೆ ಯಮುನಾ ನಮ್ಮ ಬೀದಿಗೆ ಬಂದಳು. ಯಾರ ಮನೆಯಲ್ಲಿ ಜ್ವರವಿದೆ ಎಂದು ವಿಚಾರಿಸಿಕೊಂಡು ಹೋಗುವುದು ಅವಳ ಕೆಲಸ. ತವರು ಘಟ್ಟದ ಕೆಳಗೆ, ಸಂಪಾಜೆಯ ಕಡೆ. ಮದುವೆಯಾಗಿ ಇಲ್ಲಿಗೆ ಬಂದು ಬಹಳ ಕಾಲವಾದರೂ ಮಾತು ಮಾತ್ರ ಘಟ್ಟ ಹತ್ತಿಲ್ಲ ಎಂದು ನಮ್ಮವರು ಅವಳನ್ನು ಆಡಿಕೊಳ್ಳುತ್ತಾರೆ. ಸಣ್ಣಿಯಂತೂ ಕಂಡಾಗಲೆಲ್ಲ ಒಂದು ಮಾತು ಎಸೆಯದೆ ಬಿಡುವುದಿಲ್ಲ.

"ಬಂದ್ಲು ನೋಡಿ 'ಎಂತ ಮಾರಾಯ್ರೆ' ಯಮುನಕ್ಕ!" ಎಂದಳು, ಅಂಗಳದಲ್ಲಿ ಕಾಳುಮೆಣಸಿನ ಚಾಪೆ ಕೊಡವುತ್ತಿದ್ದ ಸಣ್ಣಿ.

"ಎಂತ ಮಾರಾಯ್ತಿ, ನಿನ್ನ ಬಾಯಿಗೆ ಒಂದು ಲಸಿಕೆ ಉಂಟಾ ಅಂತ ಡಾಕ್ಟರನ್ನ ಕೇಳ್ಬೇಕು," ಎನ್ನುತ್ತಾ ಯಮುನಾ ಜಗಲಿ ಹತ್ತಿದಳು. ಒಳಗಿನಿಂದ ಮಗುವಿನ ನರಳಾಟ ಕೇಳಿ ಅವಳ ನಗು ನಿಂತಿತು. "ಪರಮೇಶಣ್ಣ, ಮಗುವಿಗೆ ಹುಷಾರಿಲ್ವಾ?"

"ಜ್ವರ ಕಣಮ್ಮ. ಬಿಡುತ್ತಿಲ್ಲ," ಎಂದೆ ನಾನು.

ಯಮುನಾ ಚಪ್ಪಲಿ ಬಿಟ್ಟು, ಕೈ ತೊಳೆದು ಒಳಗೆ ಬಂದಳು. ವಿಮಲಮ್ಮನ ಪಕ್ಕದಲ್ಲಿ ಕುಳಿತಳು. ಮೊದಲು ಜ್ವರದ ಮಾತೇ ಎತ್ತಲಿಲ್ಲ.

"ವಿಮಲಕ್ಕ, ನೀವು ಊಟ ಮಾಡ್ತಾ ಇದ್ದೀರಾ?"

"ಮಾಡ್ತೀನಿ."

"ಸುಳ್ಳು ಹೇಳ್ಬೇಡಿ. ಮುಖ ನೋಡಿದ್ರೆ ಗೊತ್ತಾಗ್ತದೆ."

ವಿಮಲಮ್ಮನ ಕಣ್ಣು ತುಂಬಿತು. ಯಮುನಾ ಆಕೆಯ ಕೈ ಹಿಡಿದುಕೊಂಡಳು. ಆಮೇಲೆ ಮಗುವಿನ ಹಣೆ ಮುಟ್ಟಿದಳು.

"ಮಗುವಿನ ಮೈ ಒಮ್ಮೆ ನೋಡ್ಲಾ ಅಕ್ಕ? ಎಲ್ಲಿಗೂ ಕರ್ಕೊಂಡು ಹೋಗುದಿಲ್ಲ. ನಿಮ್ಮ ಮಡಿಲಲ್ಲೇ ಇರ್ಲಿ. ಆ ಕಿಟಕಿ ಒಂದು ತೆಗೀರಿ, ಬೆಳಕು ಬೇಕು."

"ಮೈಯಲ್ಲಿ ಏನ್ ನೋಡ್ತೀಯ? ಜ್ವರ ಒಳಗಿರೋದು," ಎಂದಳು ವಿಮಲಮ್ಮ. ಆದರೂ ತಡೆಯಲಿಲ್ಲ.

ದಿವ್ಯಶ್ರೀ ಕಿಟಕಿ ತೆರೆದಳು. ಯಮುನಾ ಮಗುವಿನ ಅಂಗಿ ಬಿಚ್ಚಿಸಿ, ಕೂದಲು ಸರಿಸಿ ನೆತ್ತಿ ನೋಡಿದಳು. ಕಿವಿಯ ಹಿಂದೆ, ಕತ್ತಿನ ಮಡಿಕೆ, ಕಂಕುಳು, ಬೆನ್ನು, ಮಂಡಿಯ ಹಿಂಭಾಗ, ಒಂದೂ ಬಿಡಲಿಲ್ಲ. ಚಡ್ಡಿಯ ಎಲಾಸ್ಟಿಕ್ ಒತ್ತುವ ಕಡೆ, ಸೊಂಟದ ಕೆಳಗೆ, ಅವಳ ಬೆರಳು ನಿಂತಿತು.

ಅಲ್ಲಿ ಒಂದು ಕಪ್ಪು ಹಕ್ಕಳೆ ಇತ್ತು. ಕಾಳುಮೆಣಸಿನ ಕಾಳಿನಷ್ಟು ಅಗಲ. ಬೀಡಿಯ ಬೆಂಕಿ ತಗುಲಿ ಸುಟ್ಟ ಹಾಗೆ. ಸುತ್ತ ತೆಳುವಾದ ಕೆಂಪು ಅಂಚು.

"ಇದೆಂತದು?"

"ಓ ಅದಾ? ಅದು ಇಂಬಳ ಕಚ್ಚಿದ್ದು," ಎಂದಳು ದಿವ್ಯಶ್ರೀ.

ಇಂಬಳವೆಂದರೆ ಜಿಗಣೆ. ನಮ್ಮ ತೋಟಗಳಲ್ಲಿ ಮಳೆಗಾಲ ಪೂರ್ತಿ ಅದರದ್ದೇ ರಾಜ್ಯ. ಅದು ಕಚ್ಚಿದರೆ ನಾವು ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಒತ್ತುತ್ತೇವೆ. ಇಂಬಳ ಬಿದ್ದುಹೋಗುತ್ತದೆ, ರಕ್ತ ನಿಲ್ಲುತ್ತದೆ. ಆದರೆ ತೊಳೆಯದೆ ಬಿಟ್ಟ ಸುಣ್ಣ ಚರ್ಮವನ್ನು ಸುಟ್ಟು ಕಪ್ಪು ಹಕ್ಕಳೆ ಕಟ್ಟುತ್ತದೆ. ನಮ್ಮಲ್ಲಿ ತೋಟದ ಕೆಲಸ ಮಾಡುವವರ ಕಾಲು ನೋಡಿದರೆ ಇಂಥ ಕಲೆಗಳು ಬೇಕಾದಷ್ಟು. ಅವನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಲಿಖಿತಾಳ ಸೊಂಟದ ಕಲೆಯನ್ನು ಮನೆಯವರೆಲ್ಲ ಕಂಡಿದ್ದೆವು. ನಾನೂ ಕಂಡಿದ್ದೆ. ಸುಣ್ಣದ ಕಲೆ ಎಂದುಕೊಂಡಿದ್ದೆ.

"ಇಂಬಳ ಕಚ್ಚಿದ್ದು ನೋಡಿದವ್ರು ಯಾರು?" ಎಂದು ಯಮುನಾ ಕೇಳಿದಳು.

"ನೋಡೋದೇನಿದೆ? ಸುಣ್ಣ ಹಚ್ಚಿದ ಕಲೆ ಕಾಣ್ತಾ ಇಲ್ವಾ?" ಎಂದಳು ವಿಮಲಮ್ಮ.

"ಸರಿ. ಸುಣ್ಣ ಹಚ್ಚಿದವ್ರು ಯಾರು?"

"ಅತ್ತೆ ಹಚ್ಚಿರ್ಬೇಕು," ಎಂದಳು ದಿವ್ಯಶ್ರೀ.

"ನಾನೆಲ್ಲಿ? ಅವರು ಹೋದ ಮೇಲೆ ನಾನು ಎಲೆಯಡಿಕೆ ಚೀಲಾನೇ ಮುಟ್ಟಿಲ್ಲ. ಭಾವ ಹಚ್ಚವ್ರೆ ಅಂದ್ಕಂಡಿದ್ದೆ."

ಎಲ್ಲರೂ ನನ್ನ ಕಡೆ ನೋಡಿದರು. "ನಾನು ಹಚ್ಚಿಲ್ಲ. ಸಣ್ಣಿ ಹಚ್ಚಿರಬೇಕು ಅಂತ ನಾನಿದ್ದೆ," ಎಂದೆ.

ಬಾಗಿಲಲ್ಲಿ ನಿಂತಿದ್ದ ಸಣ್ಣಿ ಕೈ ಬಾಯಿಗೆ ಹೊಡೆದುಕೊಂಡಳು. "ಅಯ್ಯೋ ಶಿವನೇ! ಕೊನೇಗೆ ನನ್ನ ತಲೆಗೇ ಕಟ್ಟಿದ್ರಲ್ಲ ಯಜಮಾನ್ರೆ! ಈ ಕೂಸಿನ ಎಳೇ ಚರ್ಮಕ್ಕೆ ಸುಣ್ಣ ಒತ್ತಿದ್ದಿದ್ರೆ ಶನಿವಾರಸಂತೆ ತನಕ ಕೇಳೋ ಹಂಗೆ ಅರಚ್ತಿತ್ತು. ನೀವ್ ಯಾರಾದ್ರೂ ಅರಚಿದ್ದು ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಅಂಗಿಯ ಮೇಲೆ ರಕ್ತದ ಕಲೆಯನ್ನೂ ಕಂಡಿರಲಿಲ್ಲ. ಇಂಬಳ ಕಚ್ಚಿದರೆ ರಕ್ತ ಸೋರದೆ ಇರುವುದಿಲ್ಲ. ಒಬ್ಬರು ಹಚ್ಚಿರಬೇಕು ಎಂದು ಇನ್ನೊಬ್ಬರು ನಂಬಿಕೊಂಡು ನಾವೆಲ್ಲ ನೆಮ್ಮದಿಯಾಗಿದ್ದೆವು.

ಯಮುನಾ ಹಕ್ಕಳೆಯ ಅಂಚನ್ನು ಮೆಲ್ಲಗೆ ಮುಟ್ಟಿದಳು. "ನೋವುಂಟಾ ಪುಟ್ಟಿ?"

ಜ್ವರದಲ್ಲಿದ್ದ ಮಗು "ಕಚಗುಳಿ" ಎಂದು ಸೊಂಟ ತಿರುಗಿಸಿತು.

"ನೋಡಿ, ನೋವಿಲ್ಲ. ತುರಿಕೆಯೂ ಇಲ್ಲ. ಅದಕ್ಕೇ ಮಗು ಹೇಳ್ಲಿಲ್ಲ. ಇಲ್ಲಿ ತೊಡೆಯ ಸಂದಿಯಲ್ಲಿ ಗಂಟು ಊದಿದೆ, ಕೈ ಇಟ್ಟು ನೋಡಿ ದಿವ್ಯಾ. ಇದು ಇಂಬಳದ್ದಲ್ಲ ಅಂತ ನನಗೆ ಅನುಮಾನ. ಕಳೆದ ಸಲ ತರಬೇತಿಯಲ್ಲಿ ನಮಗೆ ಇಂಥದೇ ಫೋಟೊ ತೋರಿಸಿದ್ರು. ಸ್ಕ್ರಬ್ ಟೈಫಸ್ ಅಂತ ಒಂದು ಜ್ವರ ಉಂಟು."

"ಟೈಫಾಯ್ಡಾ?" ಎಂದ ನವೀನ.

"ಅಲ್ಲ. ಅದು ನೀರಿನಿಂದ ಬರುದು. ಇದು ಹುಳದಿಂದ. ದನದ ಮೈಗೆ ಹತ್ತುವ ಉಣುಗು ಗೊತ್ತಲ್ವಾ ನಿಮಗೆ? ಅದಕ್ಕಿಂತ ಎಷ್ಟೋ ಸಣ್ಣ ನುಸಿಮರಿ, ಕಣ್ಣಿಗೇ ಕಾಣುದಿಲ್ಲ. ಹುಲ್ಲಲ್ಲಿ, ಪೊದೆಯಲ್ಲಿ, ಬೇಲಿಯ ಬುಡದಲ್ಲಿ ಇರ್ತದೆ. ಬಟ್ಟೆ ಬಿಗಿಯಾಗುವ ಕಡೆ, ಮೈ ಮಡಿಸುವ ಕಡೆ ಹೋಗಿ ಕಚ್ತದೆ. ಕಚ್ಚಿದ್ದು ಗೊತ್ತೇ ಆಗುದಿಲ್ಲ. ಸ್ವಲ್ಪ ದಿನ ಬಿಟ್ಟು ಜ್ವರ. ಕಚ್ಚಿದ ಕಡೆ ಹೀಗೆ ಕಪ್ಪು ಹಕ್ಕಳೆ."

"ನಮ್ಮ ಮನೆ ಮಗು ತೋಟದೊಳಗೆ ಹೋಗೇ ಇಲ್ಲ," ಎಂದಳು ವಿಮಲಮ್ಮ.

"ಬೇಲಿ ಮೇಲೆ ಹೊದಿಕೆ ಹಾಕಿದ್ದಾಗ ಅದರಡಿ ಆಡ್ತಿತ್ತು ಅಕ್ಕಾರೆ," ಎಂದು ಸಣ್ಣಿ ಮೆಲ್ಲಗೆ ಹೇಳಿದಳು. "ಆ ಹೊದಿಕೇನೇ ಹೊದ್ದು ಮಲಗಿತ್ತು."

ಯಮುನಾ ವಿಮಲಮ್ಮನ ಮುಖವನ್ನೇ ನೋಡುತ್ತಿದ್ದಳು. "ಅಕ್ಕ, ನಾನು ಡಾಕ್ಟರಲ್ಲ. ಹೌದು ಅಲ್ಲ ಅಂತ ಅವ್ರೇ ಹೇಳ್ಬೇಕು. ಹೌದಾದ್ರೆ ಔಷಧಿ ಉಂಟು. ಬೇಗ ಕೊಟ್ರೆ ಬೇಗ ಗುಣ ಆಗ್ತದೆ. ತಡ ಮಾಡಿದ್ರೆ ಮಾತ್ರ ಕಷ್ಟ. ಇವತ್ತೇ ಹೋಗುವ."

ವಿಮಲಮ್ಮ ಮಗುವಿನ ಸೊಂಟದ ಕಡೆ ಬಾಗಿದಳು. ಆ ಕಪ್ಪು ಕಲೆಯನ್ನೇ ನೋಡುತ್ತಾ ಕುಳಿತಳು. ಮತ್ತೆ ಬೇಡ ಎನ್ನುತ್ತಾಳೆ ಎಂದೇ ನಾನು ಎಣಿಸಿದ್ದೆ.

"ಅವರಿಗೂ ಇತ್ತು ಭಾವ," ಎಂದಳು.

"ಯಾರಿಗೆ?"

"ನಿಮ್ಮ ತಮ್ಮನಿಗೆ. ಕಂಕುಳಲ್ಲಿ. ಬೆವರಿದ್ದ ಅಂಗಿ ಬದಲಾಯಿಸುವಾಗ ಕಂಡೆ. ಏನ್ರೀ ಇದು ಅಂದೆ. ಇಂಬಳ ಕಚ್ಚಿತ್ತೇನೋ, ನೀನೇ ಸುಣ್ಣ ಹಚ್ಚಿರ್ಬೇಕಲ್ಲೇ ಅಂದ್ರು. ನಾನು ಹಚ್ಚಿರ್ಲಿಲ್ಲ. ಅವರೇ ಹಚ್ಕಂಡು ಮರ್ತವ್ರೆ ಅಂತ ಸುಮ್ನಾದೆ." ಆಕೆ ನನ್ನ ಕಡೆ ತಿರುಗಿದಳು. "ಇಂಬಳ ಯಾವತ್ತಾದ್ರೂ ಅಷ್ಟು ಮೇಲೆ ಕಂಕುಳಿಗೆ ಹತ್ತಿದ್ದು ಕಂಡಿದೀರಾ ನೀವು? ನನಗೆ ಆಗ ಹೊಳೀಲೇ ಇಲ್ಲ."

"ಯಾರಿಗೂ ಹೊಳೆಯುತ್ತಿರಲಿಲ್ಲ ವಿಮಲಾ. ನಾನು ಕಂಡಿದ್ದರೂ ಸುಣ್ಣ ಎಂದೇ ಹೇಳುತ್ತಿದ್ದೆ," ಎಂದೆ. ಅದು ನಿಜವಾದ ಮಾತು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗುವನ್ನು ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ನಿಂತಳು.

"ನವೀನ, ಜೀಪು ತೆಗಿ. ನಾನೂ ಬರ್ತೀನಿ. ಮಗೂನ ನಾನೇ ಎತ್ಕಂಡಿರ್ತೀನಿ."

"ಅವ್ವ, ಚಪ್ಪಲಿ," ಎಂದ ಮಗ.

"ಚಪ್ಪಲಿ ಹಾಳಾಗ್ಲಿ, ಜೀಪು ತೆಗಿ ಅಂದ್ನಲ್ಲ!"

ಗಂಡ ಹೋದ ಮೇಲೆ ಆಕೆ ದನಿಯೆತ್ತಿ ಮಾತನಾಡಿದ್ದು ಅದೇ ಮೊದಲು. ಹೊರಡುವ ಮುನ್ನ ಆಕೆ ದೇವರ ಗೂಡಿನಿಂದ ವಿಭೂತಿ ತೆಗೆದು ಮಗುವಿನ ಹಣೆಗೆ ಇಟ್ಟಳು. ಯಮುನಾ ಬೇಡವೆನ್ನಲಿಲ್ಲ. ತಾನೂ ಬಾಗಿ ಹಣೆಯೊಡ್ಡಿದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಾವು ಮಾತನಾಡುವುದಕ್ಕೆ ಮೊದಲೇ ಯಮುನಾ, "ಮೇಡಂ, ಬಿಡದ ಜ್ವರ, ಸೊಂಟದಲ್ಲಿ ಕಪ್ಪು ಹಕ್ಕಳೆ," ಎಂದಳು. ಅವರು ತಕ್ಷಣ ಮಗುವನ್ನು ಮಲಗಿಸಿ, ದೀಪ ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಹೊಟ್ಟೆ ಒತ್ತಿದರು, ಎದೆಯ ಸದ್ದು ಕೇಳಿದರು, ತೊಡೆಸಂದಿಯ ಗಂಟು ಮುಟ್ಟಿದರು. ಮಗು ಎಲ್ಲಿ ಆಡಿತ್ತು, ಮನೆಯ ಸುತ್ತ ಪೊದೆ ಇದೆಯೇ ಎಂದು ವಿಚಾರಿಸಿದರು.

"ಸ್ಕ್ರಬ್ ಟೈಫಸ್ ಅಂತಲೇ ಕಾಣುತ್ತೆ. ಪರೀಕ್ಷೆಗೆ ರಕ್ತ ತಗೋತೀವಿ. ಆದ್ರೆ ರಿಪೋರ್ಟ್ ಬರೋವರೆಗೂ ಕಾಯಲ್ಲ, ಔಷಧಿ ಈಗಲೇ ಶುರು ಮಾಡೋಣ. ಇಲ್ಲೇ ಇರಲಿ ಮಗು, ನಾನು ನೋಡ್ಕೋತೀನಿ. ಹೆದರಬೇಡಿ ಅಜ್ಜಿ, ಸಮಯಕ್ಕೆ ಸರಿಯಾಗಿ ಬಂದಿದ್ದೀರಿ."

"ಇದರ ಅಜ್ಜನಿಗೂ ಹಿಂಗೇ ಕಲೆ ಇತ್ತು ತಾಯಿ," ಎಂದಳು ವಿಮಲಮ್ಮ. "ಈಚೆಗೆ ತೀರ್ಕಂಡ್ರು. ಅವರಿಂದ ಇದಕ್ಕೆ ಅಂಟ್ತಾ? ಯಾವಾಗ್ಲೂ ಅವರ ಜೊತೇಲೇ ಮಲಗ್ತಿತ್ತು."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಆಕೆಯ ಕಡೆ ತಿರುಗಿದರು. "ಅವರಿಗೆ ಇದೇ ಜ್ವರ ಆಗಿತ್ತು ಅಂತ ಈಗ ಖಚಿತವಾಗಿ ಹೇಳೋಕಾಗಲ್ಲ ಅಜ್ಜಿ. ಇದ್ದಿರಬಹುದು. ಆದ್ರೆ ಇದು ಒಬ್ಬರಿಂದ ಒಬ್ಬರಿಗೆ ಅಂಟೋ ಜ್ವರ ಅಲ್ಲ. ಜೊತೇಲಿ ಮಲಗಿದ್ರೆ, ಎತ್ಕೊಂಡ್ರೆ ಬರಲ್ಲ. ಅಜ್ಜನಿಂದ ಈ ಮಗೂಗೆ ಏನೂ ಕೆಟ್ಟದ್ದು ಬಂದಿಲ್ಲ."

ಆ ಮಾತು ಕೇಳಿ ವಿಮಲಮ್ಮ ಅಲ್ಲಿಯೇ ಬೆಂಚಿನ ಮೇಲೆ ಕುಳಿತು, ಬಹಳ ಹೊತ್ತು ಸದ್ದಿಲ್ಲದೆ ಅತ್ತಳು. ಎದೆಯಲ್ಲಿ ಅದೊಂದು ಅಂಜಿಕೆಯನ್ನು ಆಕೆ ಎಷ್ಟು ದಿನದಿಂದ ಹೊತ್ತಿದ್ದಳೋ ಶಿವನೇ ಬಲ್ಲ. ಗಂಡ ಮಗುವನ್ನು ತನ್ನ ಜೊತೆ ಕರೆಯುತ್ತಿದ್ದಾನೆ ಎಂದೇ ಆಕೆ ತಿಳಿದಿದ್ದಳು.

ಆ ರಾತ್ರಿ ಜ್ವರ ಏರಿತು. ವಿಮಲಮ್ಮ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಮಾರನೆಯ ದಿನ ಅಷ್ಟು ಏರಲಿಲ್ಲ. ಅದರ ಮರುದಿನ ಬೆಳಿಗ್ಗೆ ನಾನು ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋದಾಗ ಮಗು ಎದ್ದು ಕುಳಿತು ನರ್ಸಿನ ಜೊತೆ ಜಗಳವಾಡುತ್ತಿತ್ತು.

"ದೊಡ್ಡಜ್ಜ, ಇವರು ಬರೀ ಗಂಜಿ ಕೊಡ್ತಾರೆ. ನಂಗೆ ಅಕ್ಕಿರೊಟ್ಟಿ ಬೇಕು. ಕಾಯಿಚಟ್ನಿ ಬೇಕು."

"ಇಲ್ಲಿ ರೊಟ್ಟಿ ಸುಡೋ ಕೆಲಸ ನನಗೆ ಕೊಟ್ಟಿಲ್ಲಮ್ಮ," ಎಂದರು ನರ್ಸು.

"ನಮ್ಮಜ್ಜಿ ಸುಡ್ತಾರೆ, ನೋಡ್ಕಂಡು ಕಲೀರಿ."

ವಿಮಲಮ್ಮ ನಕ್ಕಳು. ನಾನು ಮುಖ ತಿರುಗಿಸಿ ಕಿಟಕಿಯಾಚೆ ನೋಡಿದೆ. ಈ ವಯಸ್ಸಿನಲ್ಲಿ ಕಣ್ಣು ಬೇಗ ತುಂಬಿಬಿಡುತ್ತದೆ. ರಕ್ತ ಪರೀಕ್ಷೆಯ ಉತ್ತರ ಬಂದಾಗ ಅದು ಅದೇ ಜ್ವರವೆಂದು ತಿಳಿಯಿತು. ಆ ವೇಳೆಗೆ ಮಗು ಮನೆಯಲ್ಲಿ ಓಡಾಡುತ್ತಿತ್ತು. ಡಾಕ್ಟರಮ್ಮ ಹೇಳಿದಷ್ಟು ದಿನವೂ ಔಷಧಿಯನ್ನು ಬಿಡದೆ ಕುಡಿಸಿದೆವು.

ಈಗ ನಮ್ಮ ಮನೆಯಲ್ಲಿ ಬಟ್ಟೆಯನ್ನು ಬೇಲಿಯ ಮೇಲೆ ಹಾಕುವುದಿಲ್ಲ. ನವೀನ ಅಂಗಳಕ್ಕೆ ಎತ್ತರವಾಗಿ ತಂತಿ ಕಟ್ಟಿದ್ದಾನೆ. ಮನೆಯ ಸುತ್ತಲಿನ ಪೊದೆಯನ್ನೆಲ್ಲ ಕಡಿಸಿ ನೆಲ ಬಯಲು ಮಾಡಿದ್ದೇವೆ. ತೋಟದಿಂದ ಬಂದವರು ಮೊದಲು ಸೋಪು ಹಾಕಿ ಮೈ ತೊಳೆದು, ಬಟ್ಟೆ ಬದಲಾಯಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಬೇಕು. ಇದು ವಿಮಲಮ್ಮನ ಕಟ್ಟಪ್ಪಣೆ. ನನಗೂ ವಿನಾಯಿತಿ ಇಲ್ಲ. ಸಣ್ಣಿ ಮೊದಲು ಗೊಣಗಿದಳು.

"ತುಂಬು ತೋಳಿನ ಅಂಗಿ, ಕಾಲಿಗೆ ಸಾಕ್ಸು! ನನ್ನೇನ್ ಮದುವೆ ಹೆಣ್ಣು ಮಾಡ್ತೀರಾ ಅಕ್ಕಾರೆ?"

"ನಿನ್ನ ಯಾರು ಮಾಡ್ಕತಾರೆ? ಹಾಕ್ಕಂಡು ಕೆಲಸಕ್ ಹೋಗು," ಎಂದಳು ವಿಮಲಮ್ಮ.

ಈಗ ಸಣ್ಣಿಯೇ ಕೆಲಸದವರಿಗೆಲ್ಲ ಹೇಳುತ್ತಾಳೆ. ಬುತ್ತಿ ಬಿಚ್ಚುವಾಗ ಹುಲ್ಲಿನ ಮೇಲೆ ಹಾಗೆಯೇ ಕೂರಲು ಬಿಡುವುದಿಲ್ಲ, ಪ್ಲಾಸ್ಟಿಕ್ ಚೀಲ ಹಾಸಿಸುತ್ತಾಳೆ. ಯಾರ ಮೈಮೇಲಾದರೂ ಕಪ್ಪು ಕಲೆ ಕಂಡರೆ ಅವಳು ಕೇಳುವ ಮಾತು ಒಂದೇ: "ಸುಣ್ಣ ಹಚ್ಚಿದ್ಯಾರೇ?" ಹಚ್ಚಿದವರು ಸಿಗದಿದ್ದರೆ ಅವರನ್ನು ಯಮುನಾಳ ಮುಂದೆ ನಿಲ್ಲಿಸಿಯೇ ಬಿಡುತ್ತಾಳೆ.

ಈ ಕಥೆಯನ್ನು ಸಂಘದ ಸಭೆಯಲ್ಲಿ ಕೇಳುತ್ತಿರುವ ತಾಯಂದಿರೇ, ಮನೆಯಲ್ಲಿ ಓದುತ್ತಿರುವ ಅಣ್ಣತಮ್ಮಂದಿರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಮಳೆ ಕಳೆದ ತಿಂಗಳುಗಳಲ್ಲಿ ನಿಮ್ಮ ಮಗುವಿಗೆ ಜ್ವರ ಬಂದು ಬಿಡದಿದ್ದರೆ, ಬಟ್ಟೆ ಬಿಚ್ಚಿ ಒಳ್ಳೆಯ ಬೆಳಕಿನಲ್ಲಿ ಮೈಯನ್ನು ಪೂರ್ತಿಯಾಗಿ ನೋಡಿರಿ. ಕೂದಲಿನೊಳಗೆ, ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದಲ್ಲಿ, ತೊಡೆಯ ಸಂದಿಯಲ್ಲಿ ನೋಡಿರಿ. ನೋವಿಲ್ಲದ ಕಪ್ಪು ಹಕ್ಕಳೆ ಕಂಡರೆ ಅದನ್ನು ಕೀಳಬೇಡಿರಿ, ಅದರ ಮೇಲೆ ಸುಣ್ಣವನ್ನಾಗಲಿ ಸೊಪ್ಪಿನ ರಸವನ್ನಾಗಲಿ ಹಚ್ಚಬೇಡಿರಿ. ಅಂದೇ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ಆ ಕಲೆಯನ್ನು ತೋರಿಸಿರಿ. ಈ ಜ್ವರ ಬಂದವರಲ್ಲಿ ಎಲ್ಲರಿಗೂ ಕಲೆ ಕಾಣುವುದಿಲ್ಲವಂತೆ. ಆದ್ದರಿಂದ ಕಲೆ ಇಲ್ಲದಿದ್ದರೂ, ಬಿಡದ ಜ್ವರವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿರಿ. ಅಂಗಡಿಯಿಂದ ನೀವೇ ಔಷಧಿ ತಂದು ಕೊಡಬೇಡಿರಿ. ದೊಡ್ಡವರೂ ಅಷ್ಟೇ, ಜ್ವರವನ್ನು ಟವೆಲಿನಲ್ಲಿ ಬಿಗಿದು ಕಟ್ಟಿಕೊಂಡು ತೋಟಕ್ಕೆ ಹೋಗಬೇಡಿರಿ. ಗಿಡ ನಾಳೆಯೂ ಇರುತ್ತದೆ. ದೇವರಿಗೆ ಕೈ ಮುಗಿಯಿರಿ, ಮುಗಿದ ಕೈಯಿಂದಲೇ ಮಗುವನ್ನು ಎತ್ತಿಕೊಂಡು ಹೊರಡಿರಿ.

ಈಗ ಪ್ರತಿದಿನ ಲಿಂಗಪೂಜೆ ಮುಗಿಸಿದ ಮೇಲೆ ನಾನು ತಮ್ಮನ ಗದ್ದುಗೆಯ ಕಡೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮಗುವಿಗೆ ಗುಣವಾಯಿತಪ್ಪಾ, ನಿನ್ನ ಮನೆಯವರು ನಗುತ್ತಿದ್ದಾರೆ ಎಂದು ಅವನಿಗೆ ಹೇಳುತ್ತೇನೆ. ಆಮೇಲೆ ಹೀಗೆ ಬೇಡುತ್ತೇನೆ: ಶಿವನೇ, ನನ್ನ ತಮ್ಮ ಚನ್ನಮಲ್ಲಪ್ಪ ಮಣ್ಣನ್ನು ನಂಬಿ ದುಡಿದವನು, ಯಾರಿಗೂ ಕೇಡು ಬಯಸದವನು. ಬಹಳ ದಣಿದು ನಿನ್ನಲ್ಲಿಗೆ ಬಂದಿದ್ದಾನೆ. ಅವನನ್ನು ನಿನ್ನ ಪಾದದ ನೆರಳಲ್ಲಿ ಇಟ್ಟುಕೋ. ಅವನ ಜೀವಕ್ಕೆ ಶಾಂತಿ ಕೊಡು ತಂದೆ.